ವರನಿಗೆ ಬಿಪಿ

“ಬಿಪಿ ಅನ್ನೋ ಮಾತು ನಿನ್ನ ಬಾಯಾಗ ಬರಬಾರದು ನೋಡು,” ಎಂದು ರಾಧಾಬಾಯಿ ಲಿಫ್ಟಿನಲ್ಲಿ ಮಗನ ಕಾಲರು ಸರಿಪಡಿಸುತ್ತ ಕೊನೆಯ ಎಚ್ಚರಿಕೆ ಕೊಟ್ಟರು. ಮೂರೇ ಮಹಡಿ, ಮೆಟ್ಟಿಲು ಹತ್ತಿ ಬರುತ್ತೇನೆಂದು ಕೇದಾರ ಹೇಳಿದ್ದ. ಕನ್ಯೆ ನೋಡಲು ಬಂದವನು ಬೆವರಬಾರದೆಂದು ಆಕೆ ಅವನನ್ನು ಒಳಗೆ ದಬ್ಬಿದ್ದರು.

ಕೇದಾರನಿಗೆ ಇಪ್ಪತ್ತೆಂಟು. ಆರು ತಿಂಗಳ ಹಿಂದೆ ಹಿಂಜವಾಡಿಯ ಆಫೀಸಿನಲ್ಲಿ ರಕ್ತದಾನಕ್ಕೆಂದು ಅಂಗಿಯ ತೋಳು ಮಡಚಿ ಹೋದವನನ್ನು, ಬಿಪಿ ಪಟ್ಟಿ ಸುತ್ತಿ ನೋಡಿದ ನರ್ಸ್ ವಾಪಸು ಕಳಿಸಿದ್ದಳು. ನೂರಾ ಅರವತ್ತು. ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಿ, ದಿನಾ ನಡೆಯಿರಿ ಎಂದರು. ಅವನು ಹಟಕ್ಕೆ ಬಿದ್ದು ದಿನಾ ಬೆಳಿಗ್ಗೆ ತಳಜಾಯಿ ಗುಡ್ಡ ಹತ್ತಿದ. ಉಪ್ಪಿನಕಾಯಿ ಭರಣಿಯತ್ತ ಕಣ್ಣೆತ್ತಿ ನೋಡಲಿಲ್ಲ. ಒಂಬತ್ತು ಕಿಲೋ ಇಳಿದ. ಕಳೆದ ವಾರ ಡಾಕ್ಟರೇ ಭೇಷ್ ಎಂದಿದ್ದರು. ಮನೆಯಲ್ಲಿ ಮಾತ್ರ ಈ ಸಾಧನೆಯನ್ನು ಕಳವಿನ ಮಾಲಿನಂತೆ ಮುಚ್ಚಿಡಲಾಗಿತ್ತು. ಕೇಳಿದವರಿಗೆ ರಾಧಾಬಾಯಿ, “ಟ್ರೆಕ್ಕಿಂಗಿನ ಹುಚ್ಚರೀ ಅವಗ,” ಎನ್ನುತ್ತಿದ್ದರು.

ಹುಡುಗಿಯ ತಂದೆ ಮಧುಕರರಾಯರು ಬಾಗಿಲಿಗೇ ಬಂದು ಕರೆದೊಯ್ದು ಕೂಡಿಸಿದರು. ಅವಲಕ್ಕಿ, ಶೇವು, ಹಪ್ಪಳ, ಹುರಿದ ಉಪ್ಪು ಮೆಣಸಿನಕಾಯಿ ಬಂದವು. ತಟ್ಟೆ ತಂದಿಟ್ಟ ಮಗಳು ಹರ್ಷದಾ ಎದುರಿಗೇ ಕುಳಿತಳು. ರಾಂಜಣಗಾಂವದ ಕಾರ್ಖಾನೆಯಲ್ಲಿ ತಯಾರಾದ ಮಾಲಿನ ದೋಷ ಹುಡುಕುವುದು ಅವಳ ಕೆಲಸ. ಕೇದಾರ ಹಪ್ಪಳವನ್ನು ಮೆಲ್ಲಗೆ ಅಂಚಿಗೆ ಸರಿಸಿದ. ತಾಯಿ ಕಣ್ಣು ಕೆಕ್ಕರಿಸಿದ ಕೂಡಲೇ ಮತ್ತೆ ಎಳೆದುಕೊಂಡು ಕಚ್ಚಿದ.

“ನಿಮಗ ಬಿಪಿ ಅದ ಏನ್ರಿ?” ಹರ್ಷದಾ ಕೇಳಿದಳು. “ಹಪ್ಪಳ ತಿನ್ನೋ ಮುಂದ ವಿಷ ತಿಂದಂಗ ಮುಖಾ ಮಾಡಿದ್ರಿ.”

ರಾಧಾಬಾಯಿ ಕೆಮ್ಮಿದರು. ಕೇದಾರನಿಗೆ ಆರು ತಿಂಗಳ ಗುಡ್ಡವೆಲ್ಲ ಒಮ್ಮೆಲೇ ನೆನಪಾಯಿತು. “ಹೌದ್ರಿ. ನೂರಾ ಅರವತ್ತಿತ್ತು. ಈಗ ನೂರಾ ಮೂವತ್ತಕ್ಕ ತಂದೀನಿ,” ಎಂದ. ಹೇಳಿದ ಮೇಲೆ ಹಗುರೆನಿಸಿತು. ಸ್ವಲ್ಪ ಹೆಮ್ಮೆಯೂ ಆಯಿತು.

“ಇಷ್ಟ ಸಣ್ಣ ವಯಸ್ಸಿಗೆ ಬಿಪಿ! ಮೊದಲ ಹೇಳಬೇಕಿತ್ತಲ್ರಿ ಬಾಯಾರ?” ಮಧುಕರರಾಯರ ದನಿ ಏರಿತು. “ರೋಗ ಮುಚ್ಚಿಟ್ಟು ಸಂಬಂಧಾ ಮಾಡೋದೇನ್ರಿ ಇದು? ಮೋಸ!”

“ಮಷೀನ್ ಖರಾಬ್ ಇರಬೇಕ್ರಿ,” ಎಂದು ರಾಧಾಬಾಯಿ ತೊದಲಿದರು.

ರಾಯರ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿತು. ಅವರ ಹೆಂಡತಿ ಅನುಸೂಯಾ ಅಡಿಗೆಮನೆಯಿಂದ ಗುಳಿಗೆಯ ಡಬ್ಬಿ, ನೀರಿನ ಲೋಟ ಹಿಡಿದು ಓಡಿಬಂದರು. “ಮುಂಜಾನೀದು ಇನ್ನೂ ತಗೊಂಡಿಲ್ಲ ನೀವು! ಚೀರಬ್ಯಾಡ್ರಿ, ಬಿಪಿ ಮ್ಯಾಲ ಹೋಗ್ತದ!”

ರಾಧಾಬಾಯಿ ತಮ್ಮ ಕಷ್ಟವನ್ನೇ ಮರೆತು ಡಬ್ಬಿಯೊಳಗೆ ಇಣುಕಿದರು. “ನಿಮ್ಮದು ಬಿಳೀದೇನ್ರಿ? ನಂದು ಗುಲಾಬಿ ಬಣ್ಣದ್ದು. ಭಾಳ ಚಲೋ ಅದ.”

“ಹದಿನೈದು ವರ್ಷಾತ್ರಿ, ಇದ ಗುಳಿಗಿ,” ಎಂದು ರಾಯರು ತಣ್ಣಗಾದರು. ಬಿಳಿ ಗುಳಿಗೆ ಬೆರಳಲ್ಲಿ ಹಿಡಿದುಕೊಂಡೇ ತೀರ್ಪು ಕೊಟ್ಟರು: “ಹುಡುಗ ಚಲೋ ಇದ್ದಾನ, ಇಲ್ಲ ಅನ್ನಂಗಿಲ್ಲ. ಆದ್ರ ಬಿಪಿ ಇದ್ದ ಮನಿಗೆ ಮಗಳನ್ನ ಹ್ಯಾಂಗ ಕೊಡೋದ್ರಿ?”

ಗುಳಿಗೆ ನಾಲಿಗೆಯ ಮೇಲಿಟ್ಟು ನೀರಿಗೆ ಕೈ ಚಾಚಿದರು. ಅನುಸೂಯಾ ಲೋಟ ಕೊಡಲಿಲ್ಲ. ಎದೆಗೆ ಹಿಡಿದುಕೊಂಡೇ ಮಗಳ ಕಡೆ ತಿರುಗಿದರು.

“ನೀ ಹೇಳವಾ. ಹುಡುಗ ನಿನಗ ಪಸಂದ ಇದ್ದಾನೇನು?”

ರಾಯರು ಏನೋ ಹೇಳಲು ಬಾಯಿ ತೆರೆದರು. ಕರಗಿದ ಗುಳಿಗೆಯ ಕಹಿಗೆ ಮುಖ ಕಿವುಚಿದರು. ಹರ್ಷದಾ ಕೇದಾರನನ್ನು ಅಡಿಯಿಂದ ಮುಡಿಯವರೆಗೆ, ಅವಸರವಿಲ್ಲದೆ, ಒಮ್ಮೆ ಪರೀಕ್ಷಿಸಿ ನೋಡಿದಳು. ನಂತರ ತಲೆಯಾಡಿಸಿ ಹೂಂ ಎಂದಳು.

ಅಷ್ಟಾದ ಮೇಲೆಯೇ ಮಧುಕರರಾಯರಿಗೆ ನೀರು ಸಿಕ್ಕಿತು.