ಡೆಲ್ಫಿಯಾ ಅಂಗಡಿಯ ಹಿಂಬಾಗಿಲು

"ನಮ್ಮ ಹತ್ತು ಜನರಲ್ಲಿ ಒಬ್ಬ ದ್ರೋಹಿ ಇದ್ದಾನೆ ಕಣ್ರೋ!"

ಬರ್ಲ್ ಎಡಗೈ ಮುಷ್ಟಿಯಿಂದ ಮೇಜು ಗುದ್ದಿದ. ದನದ ಹಿಂಡಿ ಅಂಗಡಿ ಒಲೆ ಸುತ್ತ ಕೂತಿದ್ದ ಮುದುಕರೆಲ್ಲ ಅವನ ಕಡೆ ತಿರುಗಿದ್ರು. ಎಲ್ಲರೂ ವೆಸ್ಟ್ ವರ್ಜಿನಿಯಾದ ಕಲ್ಲಿದ್ದಲು ಗಣಿಗಳಲ್ಲಿ ಮೂವತ್ತು ವರ್ಷ ದೂಳು ತಿಂದೋರು. ಈಗ ದಿನಾ ಬೆಳಿಗ್ಗೆ ಕಾಫಿ ಕುಡೀತಾ ಸರ್ಕಾರನ ಬೈಯೋದೇ ಕೆಲಸ. ಕೊರೊನಾ ಲಸಿಕೆ ಬಂದಾಗ ಇಲ್ಲೇ ಆಣೆ ಹಾಕಿದ್ರು: ಸೂಜಿ ಚುಚ್ಚಿಸ್ಕೊಂಡೋನು ಈ ಒಲೆ ಹತ್ರ ಸುಳೀಕೂಡದು.

"ನಿನ್ನೆ ಡೆಲ್ಫಿಯಾ ಔಷಧಿ ಅಂಗಡಿ ಹಿಂದೆ ಹಿಮದಲ್ಲಿ ಬೂಟಿನ ಗುರುತು ಇತ್ತಂತೆ. ಗಣಿ ಬೂಟು!"

ಓಕಿ ಕಟ್ಲಿಪ್ ಮೆಲ್ಲಗೆ ಬೂಟುಗಾಲನ್ನ ಕುರ್ಚಿ ಕೆಳಗೆ ಎಳ್ಕೊಂಡ.

ದ್ರೋಹಿ ಅವನೇ. ಏನ್ ಮಾಡ್ತಾನೆ ಪಾಪ? ಮೊದಲ ಮೊಮ್ಮಗಳು ಹುಟ್ಟಿ ತಿಂಗಳಾಯ್ತು. ಮಗಳು ಖಡಾಖಂಡಿತ ಹೇಳಿಬಿಟ್ಟಿದ್ಳು: "ಸೂಜಿ ಇಲ್ಲ ಅಂದ್ರೆ ಮಗು ಎತ್ಕೊಳ್ಳೋ ಹಾಗಿಲ್ಲ ಅಪ್ಪ. ಕಿಟಕಿಯಿಂದ ನೋಡ್ಕೊಂಡು ಹೋಗು." ಆಸ್ಪತ್ರೆ ಬೆಟ್ಟದಾಚೆ ಐವತ್ತು ಮೈಲಿ. ಡೆಲ್ಫಿಯಾ ಅಂಗಡಿ ಎರಡೇ ಬೀದಿ ಆಚೆ, ಸೂಜಿನೂ ಅವಳೇ ಹಾಕ್ತಾಳೆ. ಊರೋರ ಮೂಲವ್ಯಾಧಿಯಿಂದ ಹಿಡಿದು ಎಲ್ಲಾ ಗೊತ್ತಿರೋ ಹೆಂಗಸು, ಒಂದು ಮಾತು ಹೊರಗೆ ಬಿಟ್ಟೋಳಲ್ಲ.

ನಿನ್ನೆ ಸಂಜೆ ಐದೂವರೆಗೆ ಹಿಂಬಾಗಿಲಲ್ಲಿ ಒಳಗೆ ಬಿಟ್ಕೊಂಡಿದ್ಳು.

"ಎರಡು ವಾರ ಕಾಯಿಸಿದೆಯಲ್ಲೇ ತಾಯಿ!"

"ಒಂದು ಬಾಟಲಿ ಅಂದ್ರೆ ಹತ್ತು ಜನರ ಮದ್ದು, ಓಕಿ ಮಾವ. ತೆರೆದ ಮೇಲೆ ಅವತ್ತೇ ಮುಗೀಬೇಕು. ಹತ್ತು ಹೆಸರು ಆಗ್ದೆ ನಾನು ತೆರೆಯಲ್ಲ. ನೀವೇ ಹತ್ತನೆಯೋರು."

"ಉಳಿದ ಒಂಬತ್ತು ಜನ ಯಾರು?"

"ಅವರಿಗೆ ನಿಮ್ಮ ಹೆಸರು ಹೇಳ್ಲಾ?"

ಓಕಿ ಅಂಗಿಯ ಎಡತೋಳು ಮೇಲಕ್ಕೆ ಮಡಚಿದ.

"ಬಲಗೈ ಕೊಡಿ. ಆ ಒಲೆ ಹತ್ರ ನಿಮ್ಮ ಚಾಳಿ ನಂಗೆ ಗೊತ್ತಿಲ್ವಾ?"

ಚಾಳಿ ಏನಂದ್ರೆ, ಗಣಿಯಿಂದ ಮೇಲೆ ಬಂದಾಗ ಪಕ್ಕದೋನ ಎಡಭುಜಕ್ಕೆ ಪಟಾರ್ ಅಂತ ಬಡಿದು "ಬದುಕಿದ್ದೀಯಾ?" ಅನ್ನೋದು. ಗಣಿ ಮುಚ್ಚಿದ್ರೂ ಅದು ಬಿಟ್ಟಿಲ್ಲ.

ಈಗ ಬರ್ಲ್ ಎದ್ದು ನಿಂತ. "ಸೂಜಿ ಹಾಕಿಸ್ಕೊಂಡ ಭುಜ ಮಾರನೇ ದಿನ ಹುಣ್ಣಿನ ಥರ ನೋಯುತ್ತಂತೆ. ಒಬ್ಬೊಬ್ಬರಿಗೂ ಬಡೀತೀನಿ. ಕಿರುಚಿದೋನು ಆಚೆ!"

"ಮೆತ್ತಗೆ ಬಡಿಯೋ, ನಂಗೆ ಎಪ್ಪತ್ತೆಂಟು," ಅಂದ ಒಬ್ಬ.

"ಸುಳ್ಳೋ! ಹೆಂಡ್ತಿ ಸೌದೆ ಒಡಿ ಅಂದಾಗ ಎಂಬತ್ತು ಅಂದಿದ್ದೆಯಲ್ಲ," ಅಂದ ಇನ್ನೊಬ್ಬ.

ಪಟಾರ್. ಪಟಾರ್. ಬರ್ಲ್ ಒಂದು ಸುತ್ತು ಬಂದ. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಓಕಿ ಎಡಭುಜಕ್ಕೂ ಬಿತ್ತು. ಕಲ್ಲಿನ ಥರ ಕೂತಿದ್ದ. ಕೊನೆಗೆ ಓಕಿನೇ ಎಡಗೈಯಲ್ಲಿ ಬರ್ಲ್ ಎಡಭುಜಕ್ಕೆ ಒಂದು ಕೊಟ್ಟ. ಅವನೂ ಅಲುಗಲಿಲ್ಲ.

"ಸರಿ," ಅಂದ ಬರ್ಲ್. "ಹತ್ತೂ ಜನ ಗಂಡಸರೇ. ಕಾಫಿ ಹಾಕ್ರೋ!"

ಅಬ್ಬಾ! ಒಲೆಯೂ ಉಳೀತು, ಭಾನುವಾರ ಮೊಮ್ಮಗಳೂ ಕೈಗೆ ಬರ್ತಾಳೆ. ಓಕಿ ಮರೆತು ಬಲಗೈ ಎತ್ತಕ್ಕೆ ಹೋದ, ಪ್ರಾಣ ಹೋದ ಹಾಗಾಯ್ತು. ಮೆಲ್ಲಗೆ ಎಡಗೈಯಲ್ಲಿ ಕಪ್ ತಗೊಂಡ. ಯಾರಾದ್ರೂ ನೋಡಿದ್ರಾ ಅಂತ ಸುತ್ತ ಕಣ್ಣಾಡಿಸಿದ.

ಒಂಬತ್ತು ಮುದುಕರು, ಒಂಬತ್ತು ಕಪ್, ಒಂಬತ್ತೂ ಎಡಗೈಯಲ್ಲಿ.