ಕಟ್ಟಾಯದ ಕವಲು

ಪುಷ್ಯದ ಚಳಿಯಲ್ಲಿ ಗೊರೂರಿನ ಕಣಗಳಲ್ಲೆಲ್ಲ ರಾಗಿ ಒಕ್ಕಣೆ. ಹದಿನಾರರ ಗೌರೀಶಂಕರ ಎತ್ತು ಎಳೆಯುವ ರೋಣಗಲ್ಲಿನ ಹಿಂದೆ ನಡೆಯುತ್ತಲೇ ತೂಕಡಿಸುತ್ತಿದ್ದ.

“ನಾಳೆ ಸಂತೆಗೆ ಇವ್ನು ಗಾಡಿ ಹೊಡೀತಾನಾ?” ಜಗಲಿಯ ಮೇಲೆ ಕಂಬಳಿ ಹೊದ್ದು ಜ್ವರದಲ್ಲಿ ನಡುಗುತ್ತಿದ್ದ ಅಪ್ಪ ಗಂಗಾಧರಯ್ಯ ಹೆಂಡತಿ ನೀಲಾಂಬಿಕೆಯ ಮೇಲೆ ರೇಗಿದ. “ನಿಂತಲ್ಲೇ ನಿದ್ದೆ ಮಾಡ್ತಾನೆ. ದೇವಯ್ಯನ ಮಗ ಎಂಗೆ ಸತ್ತ, ಮರ್ತ್ಯಾ?”

ಮರೆತಿರಲಿಲ್ಲ. ಹೋದ ವರ್ಷ ಆ ಹುಡುಗ ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತೇ ನಿದ್ದೆಹೋಗಿ, ಉರುಳಿ, ತನ್ನ ಗಾಡಿಯ ಚಕ್ರಕ್ಕೇ ಸಿಕ್ಕಿದ್ದ. ಅವನಿಗೂ ಇದೇ ವಯಸ್ಸು.

ಗಂಗಾಧರಯ್ಯ ಎಚ್ಚರದ ಮನುಷ್ಯ. ಮಂಗಳವಾರ ಹಾಸನದ ಸಂತೆಗೆ ವೀಳ್ಯದೆಲೆ ಹೇರಿಕೊಂಡು ಹೋದರೆ, ನಿದ್ದೆಗಣ್ಣಿನಲ್ಲಿ ಗಾಡಿ ಹೊಡೆಯಬಾರದೆಂದು ದಾರಿಯಲ್ಲೇ ತಂಗಿ ಬುಧವಾರ ಬರುತ್ತಿದ್ದ. ಊರ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಆದರೆ ಕಿತ್ತ ಎಲೆ ಜ್ವರ ಇಳಿಯುವತನಕ ಕಾಯುವುದಿಲ್ಲ. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಬಸ್ಸೂ ನೆಚ್ಚುವಂತಿರಲಿಲ್ಲ.

“ನಾನೂ ಜತೇಲಿ ಓಯ್ತೀನಿ,” ಎಂದಳು ನೀಲಾಂಬಿಕೆ. “ಮಾತಾಡಿಸ್ತಾ ಇದ್ರೆ ಇವ್ನು ತೂಕಡ್ಸಲ್ಲ.”

“ನಿಂಗ್ಯಾಕೆ ಆ ಪಾಡು?”

“ಮದ್ವೆಯಾದಾಗಿಂದ ಹಾಸನ ಕಂಡಿಲ್ಲ. ಅದೇನ್ ಕಚ್ಚುತ್ತಾ?”

ಗಂಗಾಧರಯ್ಯನ ನಡುಕ ಹೆಚ್ಚಾಯಿತು. ಮಗನನ್ನು ಹತ್ತಿರ ಕರೆದ.

“ಲೇ, ಬರೋವಾಗ ಕಟ್ಟಾಯದ ಕವಲು ಕೆಟ್ಟದ್ದು ಕಣ್ಲಾ. ಅಲ್ಲಿ ಇಳಿದು, ಮೂಗುದಾರ ಇಡ್ಕೊಂಡು ನಡಿ. ಎತ್ತು ಎಳೆದ್ ಕಡೆ ಬಿಡಬ್ಯಾಡ. ನಿದ್ದೆ ಮಾಡಿದ್ಯೋ, ಮನೆ ಆಳಾಗೋಯ್ತದೆ.”

ಕೋಳಿ ಕೂಗಿದಾಗ ಗಾಡಿ ಹೊರಟಿತು. “ನೋಡ್ದಾ, ನಿಮ್ಮಪ್ಪಂಗೆ ನಿನ್ ಮ್ಯಾಲೆ ಎಷ್ಟು ಜೀವ!” ಎಂದಳು ನೀಲಾಂಬಿಕೆ.

ಸಂತೆಯಲ್ಲಿ ಎಲೆ ಸಲೀಸಾಗಿ ಮಾರಾಟವಾಯಿತು. ಹಿಂದಿರುಗುವಾಗ ಇಳಿಬಿಸಿಲು ಬೆಚ್ಚಗಿತ್ತು. ಗೌರೀಶಂಕರನ ತಲೆ ಎದೆಗೆ ಬಿತ್ತು.

“ಬಾಯಿ ಮುಚ್ಕೊಳ್ಲಾ, ನೊಣ ಓಯ್ತದೆ.”

“ಕವಲು ಬಂದಾಗ ಎಬ್ಸವ್ವ.”

“ಗಾಡಿ ಹೊಡಿಯೋನು ನೀನೋ ನಾನೋ?” ನಕ್ಕಳು. ತವರಿನ ಕತೆ ತೆಗೆದಳು. ಕತೆ ಅರ್ಧದಲ್ಲಿರುವಾಗ ಅವಳ ದನಿಯೂ ತೊದಲಿತು. ಹಗ್ಗ ಹುಡುಗನ ಬೆರಳಿನಿಂದ ಜಾರಿತು.

ಗಾಡಿ ನಿಂತ ಕುಲುಕಿಗೆ ಅವನು ಬೆಚ್ಚಿ ಎದ್ದ. ಕೈಕಾಲು ಮುಟ್ಟಿಕೊಂಡ. ತಿರುಗಿ ನೋಡಿದ. ಅವ್ವ ಕಣ್ಣುಜ್ಜುತ್ತ ಕೂತಿದ್ದಳು. ಇಬ್ಬರೂ ಬದುಕಿದ್ದರು.

ಆದರೆ ಗೊರೂರಿನ ದಾರಿ ಬಿಟ್ಟು ಗಾಡಿ ಕಟ್ಟಾಯದ ಊರೊಳಕ್ಕೆ ಬಂದಿತ್ತು. ಎತ್ತುಗಳು ಯಾರದೋ ಹೆಂಚಿನ ಮನೆಯ ಮುಂದೆ, ಕಲ್ಲಿನ ಬಾನಿಗೆ ಮೂತಿಯಿಟ್ಟು ನೀರು ಕುಡಿಯುತ್ತಿದ್ದವು.

“ನಿದ್ದೆ ಬಂದ್ಬುಡ್ತು ಕಣವ್ವ. ಅಪ್ಪಂಗೆ ಹೇಳಬ್ಯಾಡ.” ಅವನು ತೋಳಿನಿಂದ ಕಣ್ಣೊರೆಸಿಕೊಂಡ.

“ಅಳಬ್ಯಾಡ, ಸುಮ್ಕಿರು. ದೇವಯ್ಯನ ಮಗನಂಗೆ ಆಗ್ಲಿಲ್ವಲ್ಲ. ಯಾರೋ ಒಳ್ಳೆಯೋರ ಬಾಗ್ಲಿಗೇ ತಂದವೆ. ಏಳು, ದಾರಿ ಕೇಳಾನ.”

“ಬಂದ್ರಾ?” ಒಳಗಿನಿಂದ ಹೆಣ್ಣುದನಿ ಕೂಗಿತು. “ಹುರುಳಿ ಬೇಯ್ಸಿಟ್ಟಿವ್ನಿ, ಎತ್ತು ಬಿಚ್ಚಿ.”

ನಾಲ್ಕು ವರ್ಷದ ಹೆಣ್ಣುಮಗುವೊಂದು ಹೊಸಿಲು ದಾಟಿ ಓಡಿಬಂತು. ಎತ್ತುಗಳ ಕಾಲ ನಡುವೆ ಅಂಜಿಕೆಯಿಲ್ಲದೆ ನುಸುಳಿ, ಗಾಡಿಯೇರಿ, ಮೂಲೆಮೂಲೆ ಇಣುಕಿ ನೋಡಿ, ನೀಲಾಂಬಿಕೆಯನ್ನು ಕೇಳಿತು:

“ನಮ್ಮಪ್ಪ ಎಲ್ಲಿ?”