ಫಕೀರವ್ವನ ನೆರಳು

ಹನ್ನೊಂದರ ಬಿಸಿಲು ಆಸ್ಪತ್ರೆಯ ಅಂಗಳಕ್ಕೆ ಬಂದೊಡನೆ ಸಿಸ್ಟರ್ ದ್ರಾಕ್ಷಾಯಣಿ ಎಂದಿನಂತೆ ಬಸುರಿಯರನ್ನು ಸಾಲಾಗಿ ನಿಲ್ಲಿಸಿ ನೆರಳು ನೋಡತೊಡಗಿದಳು. ಉಂಡದ್ದು ಮೈಗೆ ಹತ್ತಿದವರ ನೆರಳು ಕಾಡಿಗೆಯಂತೆ ಕಪ್ಪು. ಹತ್ತದವರದು ಹಳೇ ಸೀರೆಯಂತೆ ಜಾಳುಜಾಳು. ತೂಕದ ಯಂತ್ರಕ್ಕೆ ಧೂಳು ಹಿಡಿದು ಎಷ್ಟೋ ವರ್ಷವಾಗಿತ್ತು.

ನೀಲವ್ವನ ಸರದಿ ಬಂದಾಗ ಸಿಸ್ಟರ್ ಒಂದು ಹೆಜ್ಜೆ ಮುಂದೆ ಬಂದಳು. ಏಳು ತಿಂಗಳ ಬಸುರಿ. ಹಿಂದಿನ ಮೂರು ಸಲವೂ ನೆರಳು ಜಾಳು. ಪಲ್ಲೆ, ಮೊಳಕೆಕಾಳು, ಮೊಟ್ಟೆ ಎಂದು ಹೇಳಿ ಹೇಳಿ ಸಾಕಾಗಿತ್ತು. ಅತ್ತೆ ಫಕೀರವ್ವ ದಿನಾ ಅದನ್ನೆಲ್ಲ ಮಾಡುತ್ತಿದ್ದುದೂ ನಿಜ. ಆದರೆ ಆ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಅಷ್ಟೊತ್ತಿಗೆ ಉಳಿಯುತ್ತಿದ್ದುದು ಒಣ ರೊಟ್ಟಿ. ಅದು ತಿಳಿದ ದಿನ ಸಿಸ್ಟರ್ ಆಹಾರದ ಪಟ್ಟಿ ಬದಿಗಿಟ್ಟು ಒಂದೇ ಮಾತು ಹೇಳಿದ್ದಳು: “ನೀಲವ್ವ ಎಲ್ಲಾರಕಿಂತ ಮೊದಲ ಉಣ್ಣಲಿ.”

ಇವತ್ತು ನೀಲವ್ವ ಬಿಸಿಲಿಗೆ ಕಾಲಿಟ್ಟಳು. ನೆರಳು ಕಪ್ಪಗೆ, ದಟ್ಟವಾಗಿ ನೆಲಕ್ಕೆ ಬಿತ್ತು. “ನೋಡ್ರಿ ಇಲ್ಲೆ, ಹೊಟ್ಟಿ ನೆರಳೂ ತುಂಬೇತಿ” ಎನ್ನುತ್ತ ಸಿಸ್ಟರ್ ಚಪ್ಪಾಳೆ ತಟ್ಟಿಯೇಬಿಟ್ಟಳು.

ಅಷ್ಟರಲ್ಲಿ ಪಕ್ಕಕ್ಕೆ ಇನ್ನೊಂದು ಕಪ್ಪು ನೆರಳು ಬಂದು ನಿಂತಿತು. ತನ್ನ ಜಾಳು ನೆರಳು ಯಾರ ಕಣ್ಣಿಗೂ ಬೀಳದಿರಲೆಂದು ಯಾವಾಗಲೂ ಬೇವಿನ ಮರದ ಕೆಳಗೇ ಉಳಿಯುತ್ತಿದ್ದ ಫಕೀರವ್ವ ಬಿಸಿಲಿಗೆ ಬಂದಿದ್ದಳು.

“ಒಬ್ಬಾಕಿನ ಮೊದಲ ಉಣ್ಣಾಕ ನಾಚ್ತಿದ್ಲರಿ,” ಅಂದಳು. “ಅದಕ್ಕ ನಾನೂ ಬಾಜೂಕ ಕುಂತು ಉಂಡೆ.” ಆಮೇಲೆ ನೆಲವನ್ನೇ ದಿಟ್ಟಿಸುತ್ತ ಕೇಳಿದಳು: “ಇದು ನಂದ ಏನ್ರಿ?”